ಗುರುಪಾದಯ್ಯ ಗುಡಿಯಿಂದ ಹೊರಗೆ ಬಂದದ್ದು

ವಿಜಾಪುರದ ಜೋರಾಪುರ ಪೇಟೆಯಲ್ಲಿ ಅಮೀನಸಾಬರ ಸ್ಟುಡಿಯೋ ಇತ್ತು. ಅಲ್ಲಿ ಕೆಲಸ ಕಲಿತ ಅಂಬಾದಾಸನಿಗೆ ಮದುವೆಯ ಫೋಟೊಗಳಿಗಿಂತ ಬೀದಿಯೇ ಹೆಚ್ಚು ಇಷ್ಟ. ಜೋಳ ಕೇರುವ ಹೆಂಗಸರು, ಎತ್ತು ಬಿಚ್ಚಿ ನೆರಳಲ್ಲಿ ಬುತ್ತಿ ಉಣ್ಣುವ ಗಾಡಿಯವರು, ಕೆರೆಯಂಚಿನ ಬೆಳ್ಳಕ್ಕಿಗಳು. ಹಕ್ಕಿಯ ಫೋಟೊ ಯಾರೂ ಕೊಳ್ಳುತ್ತಿರಲಿಲ್ಲ, ಆದರೂ ತೆಗೆಯುತ್ತಿದ್ದ. ಬಿಡುವಿದ್ದಾಗ ಸೈಕಲ್ ಏರಿ ತಿಕೋಟಾ, ಬಬಲೇಶ್ವರದ ಕಡೆ ಹೋಗಿ ಗುಡಿಗಳ ದೀಪ, ಪಲ್ಲಕ್ಕಿಗಳನ್ನು ಹೊರಗೇ ನಿಂತು ತೆಗೆಯುತ್ತಿದ್ದ.

ಒಳಗೆ ಹೋಗುವ ಹಾಗಿರಲಿಲ್ಲ. ಅವನದು ಊರ ಹೊರಗಿನ ಕೇರಿಯ ಮನೆತನ. ಸಾವಿರದ ಒಂಬೈನೂರ ಐವತ್ತೇಳರಲ್ಲಿ ಅವನ ಅಪ್ಪ ಮನೆಮಂದಿಯೊಡನೆ ಬೌದ್ಧ ಧರ್ಮ ಸೇರಿ, ಜಗಲಿಯ ಮೇಲಿಟ್ಟು ಪೂಜಿಸುತ್ತಿದ್ದ ದೇವರನ್ನೆಲ್ಲ ಬಾವಿಗೆ ಬಿಟ್ಟಿದ್ದ. ಬಿಟ್ಟ ದೇವರ ಬಾಗಿಲಿಗೆ ಮತ್ತೆ ಯಾಕೆ ಹೋಗುತ್ತಿ ಎಂದು ಅವ್ವ ಮಾಳವ್ವ ಕೇಳಿದ್ದಳು.

"ಕೈ ಮುಗಿಯಾಕ ಹೋಗೂದಿಲ್ಲ ಬೇ, ನೋಡಾಕ ಹೋಗ್ತೀನಿ," ಎಂದಿದ್ದ.

ಅರವತ್ತಮೂರರ ಚಳಿಗಾಲದಲ್ಲಿ ತಿಕೋಟಾದ ಬಸವಣ್ಣನ ಗುಡಿಯ ಮುದಿ ಪೂಜಾರಿ ಗುರುಪಾದಯ್ಯ ಹಾಸಿಗೆ ಹಿಡಿದ. ದೇವರ ಜೊತೆ ತನ್ನದೊಂದು ಫೋಟೊ ಇರಲಿ ಎಂಬುದು ಅವನ ಆಸೆ. ಮಗಳು ಅಕ್ಕನಾಗಮ್ಮ ಸ್ಟುಡಿಯೋಕ್ಕೆ ಹೇಳಿಕಳಿಸಿದಳು. ಅಮೀನಸಾಬರಿಗೆ ಮೊಣಕಾಲು ನೋವು, ಅಂಬಾದಾಸನನ್ನು ಕಳಿಸಿದರು.

ಆ ದಿನ ಗುರುಪಾದಯ್ಯನನ್ನು ಎತ್ತಿ ತಂದು ಗರ್ಭಗುಡಿಯ ಮುಂದೆ ಕೂರಿಸಿದ್ದರು. ಗುಡಿಯ ಹಿರಿಯ ಸಂಗಣ್ಣ ಬಾಗಿಲಲ್ಲೇ ಅಂಬಾದಾಸನ ಕೇರಿ ಯಾವುದೆಂದು ವಿಚಾರಿಸಿ, ಅಂಗಳದಿಂದಲೇ ತೆಗೆ ಎಂದ. ಒಳಗೆ ಕತ್ತಲು. ಇಲ್ಲಿಂದ ಮುಖ ಮೂಡುವುದಿಲ್ಲ, ಕಂಬದ ತನಕವಾದರೂ ಬರಬೇಕು ಎಂದು ಅಂಬಾದಾಸ ಹೇಳಿದ. ಹಾಗಾದರೆ ಬೇರೆಯವರನ್ನು ಕರೆಸುತ್ತೇವೆ ಎಂದ ಸಂಗಣ್ಣ. ಅಂಬಾದಾಸ ಕ್ಯಾಮೆರಾದ ಕಾಲು ಮಡಚತೊಡಗಿದ. ಇದೇನು ಹೊಸದಲ್ಲ, ಆದರೂ ಎದೆ ಉರಿಯಿತು.

ಅಷ್ಟರಲ್ಲಿ ಗುರುಪಾದಯ್ಯ ಮಗಳ ಹೆಗಲು ಹಿಡಿದು ಎದ್ದ. ತಡವರಿಸುತ್ತ ಹೊಸ್ತಿಲು ದಾಟಿ ಬಂದು, ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಕೂತ.

"ಅಯ್ಯಾರ, ದೇವರ ಕೂಡ ಇರಬೇಕಂತ ನೀವ ಅಂದಿದ್ರಿ," ಎಂದ ಸಂಗಣ್ಣ.

ಮುದುಕ ಉಸಿರು ಹಿಡಿದುಕೊಂಡು ಹೇಳಿದ: "ಬಸವಣ್ಣ ಯಾರನ್ನೂ ಹೊರಗ ನಿಲ್ಲಿಸಿಲ್ಲ, ಸಂಗಣ್ಣ. ನಿಲ್ಲಿಸಿದಾವ ನಾನು. ಇವನನ್ನ ಒಳಗ ಕರಿಯೂ ಧೈರ್ಯ ಇವತ್ತೂ ನನಗಿಲ್ಲ. ನಾನಾದರೂ ಹೊರಗ ಬರ್ತೀನಿ."

ದಿನಾ ಬೆಳಿಗ್ಗೆ ಮುದುಕ ಚೆಲ್ಲುತ್ತಿದ್ದ ಕಾಳಿಗೆ ಒಗ್ಗಿಕೊಂಡಿದ್ದ ಪಾರಿವಾಳ, ಗುಬ್ಬಿಗಳು ಬಹಳ ದಿನದ ಮೇಲೆ ಅವನನ್ನು ಕಂಡು ಒಂದೊಂದಾಗಿ ಇಳಿದವು. ಅವುಗಳತ್ತ ಮುದುಕ ಕೈ ಚಾಚಿದಾಗ ಅಂಬಾದಾಸ ಫೋಟೊ ತೆಗೆದ.

ಯುಗಾದಿಗೆ ಮೊದಲೇ ಗುರುಪಾದಯ್ಯ ತೀರಿಕೊಂಡ. ದೇವರಿಲ್ಲದ ಫೋಟೊ ಗುಡಿಗೆ ಬೇಡ ಎಂದರು ಹಿರಿಯರು. ಅಕ್ಕನಾಗಮ್ಮ ಅದನ್ನು ತನ್ನ ಮನೆಯ ಪಡಸಾಲೆಯಲ್ಲಿ ತೂಗುಹಾಕಿದಳು. ಒಮ್ಮೆ ಅಂಬಾದಾಸ ಆ ದಾರಿಯಲ್ಲಿ ಹೋಗುವಾಗ ಕೂಗಿ ಒಳಗೆ ಕರೆದಳು. ಅವನು ಬಾಗಿಲಲ್ಲಿ ತುಸು ನಿಂತು, ಕೆರವು ಬಿಟ್ಟು ಒಳಗೆ ಹೋದ. ಅವಳು ನೀರು ಕೊಟ್ಟಳು.

ಸಂಜೆ ಮನೆಯಲ್ಲಿ ಇದನ್ನು ಹೇಳಿದಾಗ ರೊಟ್ಟಿ ಬಡಿಯುತ್ತಿದ್ದ ಮಾಳವ್ವನ ಕೈ ನಿಂತಿತು.

"ಮ್ಯಾಲಿಂದ ಬೊಗಸ್ಯಾಗ ಹೊಯ್ದಳೇನು?"

"ಇಲ್ಲ ಬೇ. ತಂಬಿಗಿ ಕೈಯಾಗ ಕೊಟ್ಟಳು."

ಮಾಳವ್ವ ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಆಮೇಲೆ, ಆ ಸತ್ತ ಅಯ್ಯನ ಹೆಸರೇನಂದಿ ಎಂದು ಕೇಳಿದಳು.