ಸುಣ್ಣ ಬಳಿದ ಜೀಪು

ನನ್ನ ಅಕ್ಕ ಆಸ್ಪತ್ರೆಯ ಜೀಪು ಓಡಿಸುತ್ತಾಳೆ. ಗುಡ್ಡದ ಮೇಲಿನ ಊರುಗಳಿಗೆ ಆಂಬುಲೆನ್ಸ್ ಹತ್ತುವುದಿಲ್ಲ. ಅಲ್ಲಿಂದ ಬಸುರಿಯರನ್ನು ಕೆಳಗೆ ತರುವುದು ಅವಳ ಕೆಲಸ. ಬರೀ ಬಂಡೆಗಳಿರುವ ಆ ಏರನ್ನು ದಾರಿ ಎಂದು ಕರೆದ ಪುಣ್ಯಾತ್ಮನಿಗೆ ಕೈ ಮುಗಿಯಬೇಕು.

ಹೋದ ತಿಂಗಳು ಕಲ್ಲು ತಾಗಿ ಎಂಜಿನ್ನಿನ ಆಯಿಲ್ ಚೇಂಬರ್ ಒಡೆಯಿತು. ಅದೃಷ್ಟಕ್ಕೆ ಗಾಡಿ ಖಾಲಿಯಿತ್ತು. ಆದರೆ ಮೇಲಿನ ಊರಿನ ದರ್ಜಿಯ ಹೆಂಡತಿಯ ಹೊಟ್ಟೆಯಲ್ಲಿ ಅವಳಿ ಮಕ್ಕಳು, ದಿನ ತುಂಬುತ್ತಾ ಬಂದಿತ್ತು. ಅವಳನ್ನು ತರುವಾಗ ಗಾಡಿ ನಡುದಾರಿಯಲ್ಲಿ ನಿಂತರೆ ಮೂರು ಜೀವಕ್ಕೆ ಗತಿ ಯಾರು?

ಜೀಪಿನ ಅಡಿಗೆ ರಕ್ಷಣೆ ಬೇಕೆಂಬುದರಲ್ಲಿ ಜಗಳವಿರಲಿಲ್ಲ. ಯಾವುದು ಎಂಬುದರಲ್ಲಿತ್ತು. ಮುಂದಿನಿಂದ ಹಿಂದಿನವರೆಗೆ ದಪ್ಪ ಕಬ್ಬಿಣದ ತಗಡು ಹೊಡೆಸೋಣ ಎಂದೆ ನಾನು. ನಮ್ಮ ಸೋದರಮಾವ ವೆಲ್ಡರು, ಊರಿಗೆಲ್ಲ ಕಿಡಿಮಾವ; ಅವನು ಅಲ್ಯೂಮಿನಿಯಂ ಬಿಟ್ಟು ಬೇರೆ ಮಾತೇ ಆಡಲಿಲ್ಲ. ಅಕ್ಕ ಇಬ್ಬರ ಬಾಯಿಯನ್ನೂ ಮುಚ್ಚಿಸಿದಳು.

"ಮೂಗಿಗಿಂತ ಮೂಗುತಿ ಭಾರ ಆಗ್ಬಾರ್ದು. ತೂಕ ಹೆಚ್ಚಾದ್ರೆ ಗಾಡಿ ತಗ್ಗುತ್ತೆ, ತಗ್ಗಿದ್ರೆ ಇನ್ನಷ್ಟು ಕಲ್ಲು ತಾಗುತ್ತೆ. ಎಲ್ಲಿ ತಗಡು ಬೇಕು ಅಂತ ಗಾಡೀನೇ ಹೇಳ್ಲಿ."

ಗಾಡಿಯ ಬಾಯಿ ಬಿಡಿಸುವ ಉಪಾಯ ಮಾವನ ಹತ್ತಿರವಿತ್ತು. ಜೀಪಿನ ಅಡಿಗೆಲ್ಲ ದಪ್ಪವಾಗಿ ಸುಣ್ಣ ಬಳಿದು ಒಣಗಿಸಿ, ಗುಡ್ಡ ಹತ್ತಿಳಿದು ಬಂದರೆ, ಸುಣ್ಣ ಕೆತ್ತಿಹೋದ ಕಡೆ ತಗಡು ಬೇಕೆಂದು ಅರ್ಥ. ಹಾಗೇ ಮಾಡಿದೆವು, ಅಕ್ಕ ಒಬ್ಬಳೇ ಹೋಗಿಬಂದಳು. ಚೇಂಬರಿನ ಹತ್ತಿರ ಮಾತ್ರ ಕೆತ್ತಿಹೋಗಿತ್ತು. ಮಾವ ಆಗಲೇ ಅಳತೆಪಟ್ಟಿ ಬಿಚ್ಚಿದ್ದ. ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ಅಮ್ಮ ಕೇಳಿದಳು, "ಖಾಲಿ ಗಾಡಿ ಓಡ್ಸಿ ನೋಡಿದ್ರಲ್ಲ, ಬಸುರಿ ಏನು ನಡ್ಕೊಂಡು ಬರ್ತಾಳಾ?"

ಮೂವರ ಮುಖವೂ ಇಂಗು ತಿಂದ ಮಂಗನಂತಾಯಿತು.

ಮತ್ತೆ ಸುಣ್ಣ ಬಳಿದೆವು. ಹಿಂದಿನ ಸ್ಟ್ರೆಚರಿನಲ್ಲಿ ಅಮ್ಮನೇ ಬಸುರಿ, ಪಕ್ಕದಲ್ಲಿ ಮಾವ ಗಂಡನಾಗಿ, ನಾನು ನರ್ಸಾಗಿ ಕೂತೆವು. ಮೇಲೆ ಹೋಗುವಾಗ ಅಮ್ಮ ಬೇಕೆಂದೇ ನರಳಿ ನಮ್ಮನ್ನು ನಗಿಸಿದಳು.

ಇಳಿಯುವಾಗ ನನ್ನ ನಗು ನಿಂತಿತು. ಅಕ್ಕ ಗುಡ್ಡದಿಂದ ಗಾಡಿ ಇಳಿಸುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಪ್ರತಿ ಬಂಡೆಯ ಮುಂದೂ ಜೀಪನ್ನು ನಿಲ್ಲಿಸಿ, ನಿದ್ದೆ ಹೋದ ಮಗುವನ್ನು ತೊಟ್ಟಿಲಿಗೆ ಹಾಕುವಂತೆ ಒಂದೊಂದೇ ಚಕ್ರವನ್ನು ಕೆಳಗಿಳಿಸುತ್ತಿದ್ದಳು. ಪಕ್ಕದಲ್ಲೇ ಕಮರಿ. ನಾನು ಸ್ಟ್ರೆಚರಿನ ಕಂಬಿ ಹಿಡಿದು ಕೂತಿದ್ದೆ. ಅಮ್ಮನಿಗೆ ಜೊಂಪು ಹತ್ತಿತ್ತು. ನನ್ನ ಜೊತೆ ಒಂದೇ ಮನೆಯಲ್ಲಿ ಉಂಡು ಬೆಳೆದ ಅಕ್ಕ ಇವಳೇನಾ ಎಂದು ದಂಗಾಗಿ ನೋಡಿದೆ.

ಗ್ಯಾರೇಜಿಗೆ ಬಂದು ಅಡಿಗೆ ತೂರಿದೆವು. ಭಾರಕ್ಕೆ ಹಿಂಭಾಗ ತಗ್ಗಿ, ಡೀಸೆಲ್ ಟ್ಯಾಂಕಿನ ಮೂಲೆಯಲ್ಲಿ ಸುಣ್ಣವೆಲ್ಲ ಹೋಗಿತ್ತು. ಅಮ್ಮ ತಲೆಯಿಟ್ಟು ಮಲಗಿದ್ದ ಜಾಗದ ನೇರ ಕೆಳಗೆ. ಟ್ಯಾಂಕಿಗೆ ದಪ್ಪ ಕಬ್ಬಿಣ, ಚೇಂಬರಿಗೆ ಅಲ್ಯೂಮಿನಿಯಂ, ಉಳಿದದ್ದು ಹಾಗೇ ಇರಲಿ ಎಂದು ಅಕ್ಕ ತೀರ್ಮಾನಿಸಿದಳು. ಅರ್ಧರ್ಧ ಗೆದ್ದ ನಾನೂ ಮಾವನೂ ತಗಡು ಕತ್ತರಿಸಲು ಕೂತೆವು.

ಮುಂದಿನ ವಾರವೇ ಕರೆ ಬಂತು. ಅಕ್ಕ ಕರೆತಂದ ದರ್ಜಿಯ ಹೆಂಡತಿ ಆಸ್ಪತ್ರೆ ಸೇರಿ, ಸಂಜೆಯೊಳಗೆ ಎರಡು ಹೆಣ್ಣು ಹೆತ್ತಳು. ನಾನು ಜೀಪಿನ ಅಡಿಗೆ ಹೋಗಿ ನೋಡಿದೆ. ಟ್ಯಾಂಕಿನ ಕೆಳಗಿನ ಕಬ್ಬಿಣ ನನ್ನ ಅಂಗೈ ಕೂರುವಷ್ಟು ನೆಗ್ಗಿತ್ತು. ಅಷ್ಟು ದೊಡ್ಡ ಏಟು ಬಿದ್ದಾಗ ಹೆದರಿಕೆ ಆಗಲಿಲ್ಲವಾ ಎಂದು ಅಕ್ಕನನ್ನು ಕೇಳಿದೆ.

"ಏಟು ಬಿತ್ತಾ?" ಎಂದಳು. "ನನಗೆ ಕೇಳಿಸ್ಲೇ ಇಲ್ಲ ಕಣೋ. ನಾನು ಅವಳ ಉಸಿರನ್ನೇ ಕೇಳಿಸ್ಕೊಂಡು ಬರ್ತಿದ್ದೆ."