ಕಾಸಿಮಿರ್ ಕಲಿತ ನಿಧಾನ

ಅಮೆರಿಕದ ಬಫಲೋ ಊರಿನಲ್ಲಿ ತನ್ನಷ್ಟು ಚೆನ್ನಾಗಿ ಕಾರು ಓಡಿಸುವವರಿಲ್ಲವೆಂದು ಮುದುಕ ಕಾಸಿಮಿರ್ ನಂಬಿದ್ದ, ಪೊಲೀಸರು ನಂಬಿರಲಿಲ್ಲ. ಅತಿವೇಗಕ್ಕೆ ಇನ್ನೊಂದು ಸಲ ಸಿಕ್ಕಿಬಿದ್ದರೆ ಲೈಸೆನ್ಸಿಗೇ ಕುತ್ತು. ಆಮೇಲೆ ಚರ್ಚಿನ ಶುಕ್ರವಾರದ ಮೀನೂಟಕ್ಕೆ ಹೆಂಡತಿ ಬರ್ನಿಸ್ ಕಾರು ಓಡಿಸಬೇಕು, ಇವನು ಪಕ್ಕದಲ್ಲಿ ಕೂರಬೇಕು! ಆ ಅವಮಾನಕ್ಕೆ ಹೆದರಿ ಸುರಕ್ಷಿತ ಚಾಲನೆಯ ತರಗತಿಗೆ ಹೋಗಿ ಬಂದ. ಅತಿವೇಗಕ್ಕೆಂದು ಲೈಸೆನ್ಸಿನ ಲೆಕ್ಕಕ್ಕೆ ಸೇರಿದ್ದ ದಂಡದ ಅಂಕಗಳಲ್ಲಿ ನಾಲ್ಕು ಇಳಿದವು, ವಿಮೆಯ ಕಂತು ಇಳಿಯಿತು, ಕಾರಿನ ವೇಗವೂ ಇಳಿಯಿತು.

ಮುಂದಿನ ಶುಕ್ರವಾರ ಸೈಕಲ್ಲಿನವರೂ ಅವನನ್ನು ಹಿಂದೆ ಹಾಕಿದರು.

"ನೋಡಿದ್ಯಾ, ಮುಂದಿನ ಗಾಡಿಗೂ ನಮಗೂ ಎಷ್ಟು ಅಂತರ ಬಿಟ್ಟಿದೀನಿ!" ಎಂದು ಬೀಗಿದ.

"ನೋಡ್ದೆ ಕಣಪ್ಪಾ. ಅವರು ಊಟ ಮುಗಿಸ್ಕೊಂಡು ಈಗ ಎದುರಿಗೇ ಬರ್ತಿದಾರೆ," ಎಂದಳು ಬರ್ನಿಸ್.

ಚರ್ಚು ತಲುಪಿದಾಗ ಮೀನು ಮುಗಿದು ಕೋಸಿನ ಪಲ್ಯವಷ್ಟೇ ಉಳಿದಿತ್ತು. ಕಾಸಿಮಿರ್ ಅದನ್ನೇ ಎರಡು ಸಲ ಹಾಕಿಸಿಕೊಂಡು ಚಪ್ಪರಿಸಿದ. ಕಾರಿನ ಕೀಲಿ ಅವನ ಜೇಬಿನಲ್ಲೇ ಇತ್ತಲ್ಲ!