ಕಲ್ಲಿನಡಿಯ ಇದ್ದಿಲು

ಬೀದಿ ಮೂಲೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದ ಆ ಹೆಂಗಸನ್ನು ಊರೆಲ್ಲ ಸರಪಳಿ ಚಿಕ್ಕಮ್ಮ ಎಂದೇ ಕರೆಯುತ್ತಿತ್ತು. ಹೊಸಬರು ಬಂಗಾರದ ಸರಪಳಿ ಎಲ್ಲಿ ಎಂದು ಅವಳ ಕತ್ತು ನೋಡುತ್ತಿದ್ದರು. ಅಲ್ಲಿ ಬೆವರು ಬಿಟ್ಟರೆ ಬೇರೇನೂ ಇರಲಿಲ್ಲ. ಅವಳ ಸರಪಳಿ ಕಬ್ಬಿಣದ್ದು, ನೆಲ ಅಳೆಯುವಂಥದ್ದು. ಹರೆಯದಲ್ಲಿ ಆರು ವರ್ಷ ಅದನ್ನು ಹೆಗಲಿಗೆ ಹಾಕಿಕೊಂಡು ಸರ್ವೆಯವರ ಹಿಂದೆ ದಿನಗೂಲಿಗೆ ತಿರುಗಿದವಳು ಅವಳು. ಬಿಸಿಲು ಅವಳಿಗೆ ಹೆದರಬೇಕಿತ್ತೇ ಹೊರತು ಅವಳು ಬಿಸಿಲಿಗೆ ಹೆದರಿದವಳಲ್ಲ.

ಆ ಸರ್ವೆಯವರು ಮಾತಿಗೆ ಜಿಪುಣರು, ಕೆಲಸಕ್ಕೆ ಕಟ್ಟುನಿಟ್ಟು. ಊರಾಚೆಯ ಸರ್ಕಾರಿ ಬಯಲಿನಲ್ಲಿ ನಲವತ್ತೊಂದು ಕುಟುಂಬಗಳಿಗೆ ಮನೆ ಜಾಗ ಅಳೆದುಕೊಟ್ಟವರು ಅವರೇ. ಹನ್ನೊಂದು ದಿನ ಹಿಡಿಯಿತು. ಸರಪಳಿಯ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ಇವಳ ಕೈಯಲ್ಲಿ. ಗಡಿಕಲ್ಲು ನೆಡುವಾಗ ಮಾತ್ರ ಅವರು ಊರವರನ್ನೆಲ್ಲ ದೂರ ಕಳಿಸಿ, ಗುಂಡಿಯ ತಳಕ್ಕೆ ಒಂದು ಬೊಗಸೆ ಇದ್ದಿಲು ಸುರಿಸಿ, ಅದರ ಮೇಲೆ ಕಲ್ಲು ಕೂರಿಸುತ್ತಿದ್ದರು. ಇದ್ದಿಲು ಬರುತ್ತಿದ್ದದ್ದು ಇವಳ ತಾಯಿಯ ಇಸ್ತ್ರಿ ಅಂಗಡಿಯಿಂದ.

"ಕಲ್ಲಿಗೆ ಕಾಲು ಬರುತ್ತೆ. ಇದ್ದಿಲಿಗೆ ಗೆದ್ದಲೂ ಹತ್ತಲ್ಲ, ಕಳ್ಳನೂ ಹತ್ತಿರ ಬರಲ್ಲ. ಇದು ನಿನಗೆ, ನನಗೆ, ನೆಲಕ್ಕೆ ಗೊತ್ತಿದ್ರೆ ಸಾಕು" ಎಂದಿದ್ದರು. ಅವಳು ಮೂವತ್ತು ವರ್ಷ ಗಂಡನಿಗೂ ಹೇಳಿರಲಿಲ್ಲ. ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎನ್ನುವವರು ಇವಳನ್ನು ಕಂಡಿರಲಿಲ್ಲ, ಅಷ್ಟೇ.

ಮೂವತ್ತು ವರ್ಷದ ಮೇಲೆ ಒಂದು ಬೆಳಗ್ಗೆ ಆ ನಲವತ್ತೊಂದು ಬಾಗಿಲಿಗೂ ಒಂದೊಂದು ನೋಟಿಸು ಅಂಟಿತು. ಹಕ್ಕುಪತ್ರಗಳೆಲ್ಲ ರದ್ದು, ತಿಂಗಳೊಳಗೆ ಮನೆ ಖಾಲಿ ಮಾಡಿ ಎಂದು. ಕಾರಣ ಕೇಳಿದರೆ, ಅಳತೆಯ ಪುಸ್ತಕ ಕಚೇರಿಯಲ್ಲಿ ಸಿಗುತ್ತಿಲ್ಲ, ಆದ್ದರಿಂದ ಅಳತೆಯೇ ನಡೆದಿಲ್ಲ, ನಕ್ಷೆಯನ್ನು ಯಾರೋ ಮೇಜಿನ ಮುಂದೆ ಕೂತು ಗೀಚಿದ್ದಾರೆ ಎಂದರು. ಹೇಗಿದೆ ನೋಡಿ! ಪುಸ್ತಕ ಕಳೆದವರು ಅವರು, ಮನೆ ಕಳೆದುಕೊಳ್ಳಬೇಕಾದವರು ಇವರು. ಸರ್ವೆಯವರು ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಬಯಲಿನ ಮೊದಲ ಮನೆಯ ಹಾಲಿನವನು, ಬಾಯಿ ದೊಡ್ಡದಾದರೂ ಮನಸ್ಸು ಒಳ್ಳೆಯದು, ಎಲ್ಲರನ್ನೂ ಕಟ್ಟಿಕೊಂಡು ಹೋಗಿ ವಕೀಲೆಯನ್ನು ಹಿಡಿದ, ತಡೆಯಾಜ್ಞೆಯೂ ಸಿಕ್ಕಿತು. ಆದರೆ ಅಳತೆ ನಡೆದದ್ದಕ್ಕೆ ಪುರಾವೆ ಬೇಕಿತ್ತು.

ಇಸ್ತ್ರಿಗೆ ಕೊಟ್ಟ ಕರಿಕೋಟು ಒಯ್ಯಲು ಬಂದಾಗ ವಕೀಲೆ ಇದನ್ನೆಲ್ಲ ಹೇಳಿದಳು. ಚಿಕ್ಕಮ್ಮ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು.

"ಅಳತೆನೇ ಆಗಿಲ್ಲ ಅಂದ್ರಾ? ಹಂಗಾದ್ರೆ ಹನ್ನೊಂದು ದಿನ ನನ್ನ ಕಾಲು ಎಲ್ಲಿ ಸವೀತು?"

ಅವಳಿಗೆ ಮೈಯೆಲ್ಲ ಉರಿದುಹೋಗಿತ್ತು. ಮನೆ ಇಲ್ಲದವಳು ಅಂದಿದ್ದರೆ ಸಹಿಸಿಕೊಳ್ಳುತ್ತಿದ್ದಳು. ಕೆಲಸ ಮಾಡಿಲ್ಲ ಅಂದದ್ದನ್ನು ಸಹಿಸುವುದು ಅವಳ ಕೈಲಿ ಆಗುವ ಮಾತಲ್ಲ. ಅವತ್ತೇ ಸಾಕ್ಷಿ ಹೇಳುತ್ತೇನೆ ಎಂದು ಒಪ್ಪಿಕೊಂಡಳು.

ಕಟಕಟೆಯಲ್ಲಿ ನಿಂತ ಅವಳೆದುರು ಸರ್ಕಾರಿ ವಕೀಲರು ಹಳೇ ಹಾಜರಿ ಪುಸ್ತಕ ತಿರುವಿ, ಇದರಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ ಅಮ್ಮಾ ಎಂದರು. ದಿನಗೂಲಿಯವರ ಹೆಸರು ಬರೆಯುವಷ್ಟು ಶಾಯಿ ಕಚೇರಿಯಲ್ಲಿ ಇರಲಿಲ್ಲ ಸ್ವಾಮಿ ಎಂದಳು. ನಿಮ್ಮ ಮನೆ ಉಳಿಸಿಕೊಳ್ಳಲು ಹೀಗೆ ಹೇಳುತ್ತಿದ್ದೀರಿ ಎಂದರು. ಆ ಬಯಲಿನಲ್ಲಿ ತನಗೆ ಗೇಣು ನೆಲವೂ ಇಲ್ಲ, ಇವತ್ತಿಗೂ ಬಾಡಿಗೆ ಮನೆ ಎಂದು ಕಡ್ಡಿ ಮುರಿದಂತೆ ಹೇಳಿದಳು. ಕೊನೆಗೆ, ಸರಿ, ಪುರಾವೆ ಏನು ಎಂದು ಕೇಳಿದಾಗ, ಮೂವತ್ತು ವರ್ಷದ ಗುಟ್ಟನ್ನು ಹೊರಗೆ ಹಾಕಿದಳು. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು. ಕೋರ್ಟಿನ ಪರವಾಗಿ ಕಮಿಷನರ್ ಒಬ್ಬರು ಸ್ಥಳಕ್ಕೆ ಹೋಗಿ, ತಮಗೆ ಬೇಕಾದ ಹನ್ನೆರಡು ಕಲ್ಲುಗಳ ಬುಡ ಅಗೆಸಿ ವರದಿ ಕೊಡಲಿ ಎಂದು ಆಜ್ಞೆಯಾಯಿತು.

ಅಗೆಯುವ ದಿನ ಕಮಿಷನರು ಮೊದಲು ಬೆರಳು ತೋರಿಸಿದ್ದು ರಸ್ತೆಗೆ ಹತ್ತಿರವಿದ್ದ ಹಾಲಿನವನ ಮೂಲೆಗೆ. ಮೊಣಕಾಲುದ್ದ ಅಗೆದರು, ಸೊಂಟದುದ್ದ ಅಗೆದರು. ಬರೀ ಕೆಂಪು ಮಣ್ಣು. ಸರ್ಕಾರಿ ವಕೀಲರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಮುಗುಳ್ನಕ್ಕರು. ಸೇರಿದ್ದ ಜನರ ಮುಖದಲ್ಲಿ ರಕ್ತವೇ ಇರಲಿಲ್ಲ.

ಚಿಕ್ಕಮ್ಮ ಕಲ್ಲನ್ನು ನೋಡಿದಳು, ಅದಕ್ಕೆ ಒತ್ತಿಕೊಂಡು ನಿಂತ ಕರುವಿನ ಕೊಟ್ಟಿಗೆಯನ್ನು ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾವಿಕಟ್ಟೆಯಿಂದ ಈ ಕಲ್ಲಿಗೆ ಸರಿಯಾಗಿ ಎರಡು ಸರಪಳಿ, ಅಳೆಯಿರಿ ಎಂದಳು. ಕಮಿಷನರು ಟೇಪು ಹಿಡಿಸಿದರು. ಅದು ಕಲ್ಲಿನವರೆಗೆ ಬರಲೇ ಇಲ್ಲ. ಮೂರಡಿ ಈಚೆಗೆ, ಕೊಟ್ಟಿಗೆಯ ಒಳಗೇ ಮುಗಿಯಿತು.

ಪಕ್ಕದಲ್ಲಿದ್ದ, ಆ ಬಯಲಿನವಳೇ ಆದ ಹಳೇ ಗೆಳತಿ ಅವಳ ತೋಳು ಚಿವುಟಿದಳು. ಸುಮ್ಮನಿರೇ, ನಮ್ಮವನೇ ಕಲ್ಲು ಕಿತ್ತವನು ಅಂತ ಗೊತ್ತಾದರೆ ಎಲ್ಲರ ಮನೆಯೂ ಹೋಗುತ್ತೆ ಎಂದು ಕಿವಿಯಲ್ಲಿ ಉಸುರಿದಳು. ಅದು ಸುಳ್ಳಲ್ಲ ಎಂದು ಚಿಕ್ಕಮ್ಮನಿಗೂ ಗೊತ್ತಿತ್ತು. ನಲವತ್ತೊಂದು ಸಂಸಾರದ ಸೂರು ಅವಳ ನಾಲಿಗೆಯ ಮೇಲಿತ್ತು. ಆದರೆ ತಪ್ಪು ಅಳತೆ ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ.

ಹಾಲಿನವನ ಕಡೆ ತಿರುಗಿದಳು. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಅವನು ಹೆಗಲು ಮುಟ್ಟಿ ನೋಡಿಕೊಂಡಾಗಿತ್ತು.

"ನೀನೇ ಹೇಳ್ತೀಯೋ, ನಾನು ಹೇಳ್ಲೋ?"

ಅವನು ತಲೆ ತಗ್ಗಿಸಿದ. "ಕರು ಕಟ್ಟೋಕೆ ಜಾಗ ಸಾಲ್ತಿರಲಿಲ್ಲ ಅಕ್ಕ. ಮೂರಡಿ ಆಚೆಗೆ ಸರಿಸ್ದೆ. ಕಲ್ಲು ತೆಗೆದು ಗುಂಡಿ ಮುಚ್ಚಿದ್ದಷ್ಟೇ, ತಳ ನೋಡ್ಲಿಲ್ಲ."

ಕರುವನ್ನು ಬಿಚ್ಚಿ ಹೊರಗೆ ಕಟ್ಟಿ, ಕೊಟ್ಟಿಗೆಯ ಹಾಸುಗಲ್ಲು ಎಬ್ಬಿಸಿ ಅಗೆದರು. ಎರಡಡಿ ಕೆಳಗೆ ಹಾರೆಯ ತುದಿ ಕಪ್ಪಾಗಿ ಬಂತು. ಕಮಿಷನರು ಒಂದು ತುಂಡು ತೆಗೆದು ಉಜ್ಜಿ, ಬೆರಳು ಮಸಿಯಾದದ್ದನ್ನು ಸರ್ಕಾರಿ ವಕೀಲರಿಗೇ ತೋರಿಸಿದರು. ಅವರ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಉಳಿದ ಹನ್ನೊಂದು ಕಡೆಯೂ ಕಲ್ಲಿನಡಿಯಲ್ಲಿ ಒಂದೊಂದು ಬೊಗಸೆ ಇದ್ದಿಲು ಇಟ್ಟದ್ದು ಇಟ್ಟ ಹಾಗೇ ಇತ್ತು.

ಸಂಜೆಯೊಳಗೆ ಹಾಲಿನವನು ಯಾರೂ ಹೇಳದೆಯೇ ಕೊಟ್ಟಿಗೆಯ ಗೋಡೆ ಒಡೆದ. ಕಲ್ಲನ್ನು ಹಳೇ ಜಾಗದಲ್ಲಿ ಕೂರಿಸುವಾಗ ಚಿಕ್ಕಮ್ಮ ಬಂದು ಗುಂಡಿಗೆ ಹೊಸದಾಗಿ ಒಂದು ಬೊಗಸೆ ಸುರಿದಳು. ಇನ್ನೂ ನನ್ನ ಮೇಲೆ ನಂಬಿಕೆ ಬರಲಿಲ್ಲವಾ ಅಕ್ಕ ಎಂದು ಅವನು ಕೇಳಿದ. ನಿನ್ನ ಮೇಲಿದೆ, ಕಲ್ಲಿನ ಮೇಲಿಲ್ಲ ಎಂದಳು.

ತೀರ್ಪು ಬರಲು ನಾಲ್ಕು ತಿಂಗಳು ಹಿಡಿಯಿತು. ರದ್ದತಿಯೇ ರದ್ದಾಯಿತು. ಸರಿಸಿದ ಕಲ್ಲೇ ದೊಡ್ಡ ಸಾಕ್ಷಿ ಎಂದು ನ್ಯಾಯಾಧೀಶರು ಬರೆದಿದ್ದರು. ಕಲ್ಲು ಹೋದರೂ ಇದ್ದಿಲು ಮೊದಲ ಅಳತೆಯ ಜಾಗದಲ್ಲೇ ಉಳಿದಿತ್ತಲ್ಲ. ನಲವತ್ತೊಂದು ಮನೆಯವರ ಕೈಯಿಂದ ಕೈಗೆ ಹೋಗಿ ಮುದುಡಿದ್ದ ಪ್ರತಿಯನ್ನು ವಕೀಲೆ ಇಸ್ತ್ರಿ ಅಂಗಡಿಗೆ ತಂದು, ಒಂದು ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಅಳತೆ ಮಾಡಿದವರು ಇಂಥ ಸರ್ವೆಯವರು ಮತ್ತು ಇಂಥವರ ಮಗಳಾದ ಇಂಥವರು ಎಂದು, ಅವಳ ಪೂರ್ತಿ ಹೆಸರು, ಅಪ್ಪನ ಹೆಸರು ಸಮೇತ. ಆರು ವರ್ಷದಲ್ಲಿ ಒಂದು ದಿನವೂ ಹಾಜರಿ ಪುಸ್ತಕಕ್ಕೆ ಹತ್ತದ ಹೆಸರು.

ಚಿಕ್ಕಮ್ಮ ಅದನ್ನು ಇನ್ನೊಮ್ಮೆ ಓದಿಸಿದಳು. ಕಣ್ಣು ತುಂಬಿ ಬಂದದ್ದನ್ನು ಮುಚ್ಚಿಡಲು ಹೋಗಲಿಲ್ಲ. ಹೆಮ್ಮೆ ಪಡಲು ಯಾರ ಅಪ್ಪಣೆ ಬೇಕು? ಆಮೇಲೆ ಕಾಗದವನ್ನು ಮೇಜಿನ ಮೇಲೆ ಹಾಸಿ, ಮೇಲೊಂದು ಬಿಳಿ ಬಟ್ಟೆ ಹೊದಿಸಿ, ಪೆಟ್ಟಿಗೆಯನ್ನು ಮೆಲ್ಲಗೆ ಎಳೆದಳು. ಮಡಿಕೆಗಳೆಲ್ಲ ಹೋಗಿ ಹಾಳೆ ನೆಟ್ಟಗಾಯಿತು.

"ಸರಪಳಿಗೆ ಎರಡು ತುದಿ ಇರುತ್ತೆ ಅಂತ ಈಗ ಕಚೇರಿಯವರಿಗೂ ಗೊತ್ತಾಯ್ತು ನೋಡಮ್ಮ" ಎಂದು ಅದನ್ನು ವಕೀಲೆಯ ಕೈಗಿಟ್ಟಳು.